ಗೋವಾ ಪಾಸಿಂಗ್ ಗಾಡಿಯವನು ಕಳ್ಳನಲ್ಲ

ರಾಣೇಬೆನ್ನೂರಿನ ಮೆಡ್ಲೇರಿ ರಸ್ತೆಯಲ್ಲಿ ಜಿಎ ಎಂದು ಶುರುವಾಗುವ ನಂಬರಿನ ಹಳೆಯ ಆಲ್ಟೊ ಒಂದು ನಿಂತಿದ್ದರೆ, ಚಹಾದಂಗಡಿ ಮುಂದೆ ಕೂತವರಲ್ಲಿ ಒಬ್ಬರಾದರೂ ಹೇಳುವ ಮಾತಿದೆ: "ಗೋವಾ ಪಾಸಿಂಗ್ ಐತಿ ನೋಡು. ಟ್ಯಾಕ್ಸ್ ಉಳಸಾಕ ಹಂಗ ಇಟ್ಟಾನ." ಹಾವೇರಿಯ ಹೊಸಮನಿ ಸಿದ್ದಪ್ಪ ವೃತ್ತದಲ್ಲಿ ಎಂಎಚ್ ನಂಬರಿನ ಕಾರು ಕಂಡರೂ ಇದೇ ಮಾತು. ಆಡುವವರು ಕೆಟ್ಟವರಲ್ಲ, ತಾವು ನ್ಯಾಯವನ್ನೇ ಹೇಳುತ್ತಿದ್ದೇವೆ ಎಂದು ನಂಬಿದವರು. ಹೊರರಾಜ್ಯದ ನಂಬರ್ ಇಟ್ಟುಕೊಂಡು ಇಲ್ಲಿ ಓಡಾಡುವವನು ತೆರಿಗೆಗಳ್ಳ. ಊರು ಬದಲಿಸಿದ ಮೇಲೆ ಮರುನೋಂದಣಿ ಮಾಡಿಸಿ ತೆರಿಗೆ ಕಟ್ಟುವುದು ಸಾಮಾನ್ಯ ಕರ್ತವ್ಯ. ಅದನ್ನು ಮಾಡದವನಿಗೆ ದಂಡ ಹಾಕಿದರೆ ತಪ್ಪೇನು? ಇದು ಊರಿಗೆ ಊರೇ ಒಪ್ಪಿಕೊಂಡು ಕೂತಿರುವ ಅಭಿಪ್ರಾಯ. ನಾನು ಇದನ್ನು ಒಪ್ಪುವುದಿಲ್ಲ. ಈ ಮಾತು ನಿಜಕ್ಕೆ ದೂರವಾದದ್ದು, ಮೇಲಾಗಿ ದುಡಿದು ತಿನ್ನುವವರ ಮೇಲೆ ಹೊರಿಸಿದ ಅಪವಾದ.

ಈ ಅಭಿಪ್ರಾಯಕ್ಕೆ ಬಲ ಬಂದದ್ದು ಬೆಂಗಳೂರಿನ ಚಿತ್ರಗಳಿಂದ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಅಲ್ಲಿ ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್‌ಗಳಂಥ ಐಷಾರಾಮಿ ಕಾರುಗಳನ್ನು ಹಿಡಿದು ಸಾಲಾಗಿ ನಿಲ್ಲಿಸಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ 1.41 ಕೋಟಿ ರೂಪಾಯಿಗೂ ಹೆಚ್ಚು ತೆರಿಗೆ ಕಟ್ಟಿಸಿಕೊಂಡಿತು. ಸರಿಯಾದ ಕೆಲಸವೇ. ಬೆಂಗಳೂರಿನಲ್ಲೇ ಮನೆ, ಬೆಂಗಳೂರಿನಲ್ಲೇ ವ್ಯವಹಾರ, ತೆರಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಬೇರೆಲ್ಲೋ ಒಂದು ವಿಳಾಸ ತೋರಿಸಿ ಗಾಡಿ ಪಾಸ್ ಮಾಡಿಸಿಕೊಂಡವನು ತಪ್ಪಿತಸ್ಥ. ಅವನ ಪರವಾಗಿ ನಾನು ಒಂದು ಅಕ್ಷರವನ್ನೂ ಬರೆಯುವುದಿಲ್ಲ. ನನ್ನ ತಕರಾರಿರುವುದು ಆ ಫೆರಾರಿಯ ಪಾಪವನ್ನು ಮೆಡ್ಲೇರಿ ರಸ್ತೆಯ ಆಲ್ಟೊದ ಮೇಲೆ ಹೊರಿಸುವುದಕ್ಕೆ. ಟಿವಿಯಲ್ಲಿ ಫೆರಾರಿ ಕಂಡ ಕಣ್ಣಿಗೆ ಮನೆ ಮುಂದಿನ ಗೋವಾ ಪಾಸಿಂಗ್ ಸ್ಕೂಟರೂ ಅದೇ ಜಾತಿಯದಾಗಿ ಕಾಣತೊಡಗಿದೆ.

ಹಾವೇರಿ ಜಿಲ್ಲೆಗೆ ಹೊರರಾಜ್ಯದ ನಂಬರ್ ಹೊತ್ತು ಬರುವವರು ಯಾರು ಎಂದು ಒಮ್ಮೆ ನೋಡಿ. ನಮ್ಮ ಕಡೆಯ ಜನ ಗೋವೆಗೆ ದುಡಿಯಲು ಹೋಗುವುದು ಇಂದು ನಿನ್ನೆಯ ಮಾತಲ್ಲ. ವಾಸ್ಕೊದ ಬೈನಾ, ಝುವಾರಿನಗರಗಳಲ್ಲಿ ಉತ್ತರ ಕರ್ನಾಟಕದವರ ಓಣಿಗಳೇ ಇವೆ. ಗೌಂಡಿ ಕೆಲಸ, ಬಂದರಿನ ಹಮಾಲಿ, ತರಕಾರಿ ಗಾಡಿ, ಮನೆಗೆಲಸ. ಇನ್ನು ಕೆಲವರು ಪುಣೆ, ಮುಂಬೈ, ಕೊಲ್ಹಾಪುರದ ಕಡೆ. ಹತ್ತು ಹದಿನೈದು ವರ್ಷ ದುಡಿದು, ಸಾಲ ಮಾಡಿ, ಒಂದು ಸೆಕೆಂಡ್ ಹ್ಯಾಂಡ್ ಕಾರೋ ಸ್ಕೂಟರೋ ಕೊಂಡಿರುತ್ತಾರೆ. ಅಲ್ಲೇ ಇದ್ದವರು ಅಲ್ಲೇ ಕೊಂಡರು, ಅಲ್ಲೇ ತೆರಿಗೆ ಕಟ್ಟಿದರು. ಇದರಲ್ಲಿ ಯಾವ ಹಂಚಿಕೆಯೂ ಇರಲಿಲ್ಲ. ಆಮೇಲೆ ಬೈನಾ ಕಡಲತೀರದ ಕನ್ನಡಿಗರ ಮನೆಗಳನ್ನು ಕೆಡವಿದಾಗ ಕೆಲವರು ಊರಿಗೆ ಬಂದರು. 2020ರ ಲಾಕ್‌ಡೌನಿನಲ್ಲಿ ಕೆಲಸ ನಿಂತು ಇನ್ನಷ್ಟು ಜನ ಬಂದರು. ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತೆಂದು, ಹೊಲ ನೋಡುವವರಿಲ್ಲೆಂದು, ಮಗಳಿಗೆ ಕನ್ನಡ ಶಾಲೆ ಬೇಕೆಂದು ಬಂದವರೂ ಇದ್ದಾರೆ. ಗ್ಯಾಸ್ ಸಿಲಿಂಡರು, ಪಾತ್ರೆ, ಹಾಸಿಗೆ ಬಂದ ಹಾಗೆ ಗಾಡಿಯೂ ಬಂತು. ಹಾಸಿಗೆಗೆ ಎರಡನೇ ಸಲ ತೆರಿಗೆ ಕೇಳುವವರಿಲ್ಲ, ಗಾಡಿಗೆ ಕೇಳುತ್ತಾರೆ.

ನನ್ನದೂ ಅಂಥದೇ ಕಥೆ. ತಂದೆಯ ಕಾಯಿಲೆಗೆಂದು ಕೆಲಸ ಬಿಟ್ಟು ಇನ್ನೊಂದು ರಾಜ್ಯದಿಂದ ಹಾವೇರಿಗೆ ಬಂದಾಗ ನನ್ನ ಜೊತೆ ಏಳು ವರ್ಷದ ಒಂದು ಕಾರು ಇತ್ತು. ಅದಕ್ಕೆ ಹದಿನೈದು ವರ್ಷಗಳ ತೆರಿಗೆಯನ್ನು ಕೊಂಡ ದಿನವೇ ಕಟ್ಟಿದ್ದೆ. ರಸೀದಿಯ ಮೇಲೆ ಲೈಫ್‌ಟೈಮ್ ಎಂದೇ ಬರೆದಿತ್ತು. ಆ ಪದವನ್ನು ನಾನು ನಂಬಿದ್ದೆ. ಇಲ್ಲಿ ಮತ್ತೆ ಕಟ್ಟಿ ಕೆಎ-27 ನಂಬರ್ ಹಾಕಿಸಿಕೊಂಡೆ. ಅಲ್ಲಿ ಉಳಿದಿದ್ದ ಎಂಟು ವರ್ಷದ ಹಣಕ್ಕೆ ಅರ್ಜಿ ಹಾಕಿದೆ. ಮೊದಲು ಮೂಲ ರಸೀದಿ ಕೇಳಿದರು, ಕಳಿಸಿದೆ. ಆಮೇಲೆ ಹೊಸ ಆರ್‌ಸಿಯ ದೃಢೀಕೃತ ಪ್ರತಿ ಕೇಳಿದರು, ಕಳಿಸಿದೆ. ಆಮೇಲೆ ಖುದ್ದಾಗಿ ಬನ್ನಿ ಎಂದರು. ಹಾಸಿಗೆ ಹಿಡಿದ ತಂದೆಯನ್ನು ಬಿಟ್ಟು ಒಂದು ರಾತ್ರಿ ಬಸ್ಸಿನಲ್ಲಿ ಹೋದೆ. ಕಡತ ಇನ್ನೊಂದು ಟೇಬಲ್ಲಿನಲ್ಲಿದೆ, ಆ ಟೇಬಲ್ಲಿನವರು ರಜೆಯಲ್ಲಿದ್ದಾರೆ ಎಂಬ ಉತ್ತರ ತೆಗೆದುಕೊಂಡು ಬಂದೆ. ಆ ಹಣ ನನಗೆ ಇವತ್ತಿಗೂ ಬಂದಿಲ್ಲ. ಹೀಗಿರುವಾಗ ಕಳ್ಳ ಎಂಬ ಪದವನ್ನು ಯಾರಿಗೆ ಅಂಟಿಸಬೇಕು ಎಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಒಬ್ಬನೇ ಮನುಷ್ಯ, ಒಂದೇ ಗಾಡಿ, ಅವವೇ ಎಂಟು ವರ್ಷ. ಹಣ ಮಾತ್ರ ಎರಡು ಖಜಾನೆಯಲ್ಲಿದೆ.

ಕುತ್ತಿನ ಬೇರು ಇರುವುದು ಆ ಲೈಫ್‌ಟೈಮ್ ಎಂಬ ಪದದಲ್ಲೇ. ಹಿಂದೆ ಗಾಡಿಯ ತೆರಿಗೆಯನ್ನು ಮೂರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಕಟ್ಟುತ್ತಿದ್ದರು. ಊರು ಬಿಟ್ಟವನು ಇಲ್ಲಿ ಕಟ್ಟುವುದನ್ನು ನಿಲ್ಲಿಸಿ ಅಲ್ಲಿ ಶುರು ಮಾಡುತ್ತಿದ್ದ, ಅಲ್ಲಿಗೆ ಮುಗಿಯಿತು. ವರ್ಷ ವರ್ಷ ಬೆನ್ನು ಹತ್ತಿ ವಸೂಲಿ ಮಾಡುವುದು ಸರ್ಕಾರಗಳಿಗೆ ತ್ರಾಸದ ಕೆಲಸವಾಗಿತ್ತು. ಆದ್ದರಿಂದ ಇಡೀ ಆಯುಷ್ಯದ ತೆರಿಗೆಯನ್ನು ಮೊದಲ ದಿನವೇ ಒಂದೇ ಗಂಟಿನಲ್ಲಿ ಪಡೆಯುವ ಪದ್ಧತಿ ಬಂತು. ಸರ್ಕಾರಕ್ಕೆ ಹದಿನೈದು ವರ್ಷದ ಹಣ ಮುಂಗಡವಾಗಿ ಕೈಗೆ ಬಂತು. ಮುಂಗಡ ಪಡೆದವನಿಗೆ ಮುಂಗಡದ ಹೊಣೆಯೂ ಇರಬೇಕು. ಬಾಡಿಗೆ ಮನೆಗೆ ಒಂದು ವರ್ಷದ ಮುಂಗಡ ಕೊಟ್ಟು ನಾಲ್ಕು ತಿಂಗಳಿಗೆ ಬಿಟ್ಟರೆ ಉಳಿದದ್ದನ್ನು ಮರಳಿಸದ ಮಾಲೀಕನನ್ನು ಬ್ಯಾಡಗಿಯ ಯಾವ ಓಣಿಯೂ ಮರ್ಯಾದಸ್ಥ ಎನ್ನುವುದಿಲ್ಲ. ರಾಜ್ಯ ಅದನ್ನೇ ಮಾಡಿದಾಗ ನಾವು ನಿಯಮ ಎಂದು ತಲೆಯಾಡಿಸುತ್ತೇವೆ.

ಕರ್ನಾಟಕದ ದರ ದೇಶದಲ್ಲೇ ಎತ್ತರದ ಸಾಲಿನಲ್ಲಿದೆ. ಐದು ಲಕ್ಷದವರೆಗಿನ ಕಾರಿಗೆ ಶೇ 13, ಹತ್ತು ಲಕ್ಷದವರೆಗೆ ಶೇ 14, ಇಪ್ಪತ್ತು ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಇದರ ಮೇಲೆ ತೆರಿಗೆಯ ಶೇ 11ರಷ್ಟು ಸೆಸ್ಸು. ಎಂಟು ಲಕ್ಷದ ಹೊಸ ಕಾರಿಗೆ ಶೇ 14ರಂತೆ 1,12,000, ಸೆಸ್ಸು 12,320, ಒಟ್ಟು 1,24,320 ರೂಪಾಯಿ. ಹೊರಗಿನಿಂದ ಬಂದ ಹಳೆಯ ಗಾಡಿಗೆ ಅದರ ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡುತ್ತಾರೆ, ನಿಜ. ಆದರೆ ಲೆಕ್ಕದ ಬುಡ ಹೊಸ ಗಾಡಿಯ ಬೆಲೆಯೇ. ಪೇಟೆಯಲ್ಲಿ ಗಾಡಿಯ ಬೆಲೆ ಇಳಿಯುವಷ್ಟು ವೇಗವಾಗಿ ಈ ತೆರಿಗೆ ಇಳಿಯುವುದಿಲ್ಲ. ದೊಡ್ಡ ಕಾರಿನವನು ಇದನ್ನು ಒಂದು ತಿಂಗಳ ಖರ್ಚಿನಲ್ಲಿ ಮರೆಯುತ್ತಾನೆ. ವಾಸ್ಕೊದಿಂದ ಬಂದ ಗೌಂಡಿಗೆ ಅದು ಮಗನ ಕಾಲೇಜಿನ ವರ್ಷದ ಶುಲ್ಕ.

ಹಣವೊಂದೇ ಅಲ್ಲ, ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊದಲು ಹಳೆಯ ಊರಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಮೂನೆ 28. ಗಾಡಿಯ ಮೇಲೆ ಸಾಲವಿದ್ದರೆ ಅದಕ್ಕೂ ಮೊದಲು ಬ್ಯಾಂಕಿನ ಒಪ್ಪಿಗೆ. ಬಾಕಿ ದಂಡ ಇದೆಯೇ, ಕಳವಿನ ಪಟ್ಟಿಯಲ್ಲಿದೆಯೇ ಎಂಬ ತಪಾಸಣೆ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟು. ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ. ಆಮೇಲೆ ಇಲ್ಲಿ ನಮೂನೆ 27, ಹೊಸ ವಿಳಾಸದ ದಾಖಲೆ, ಗಾಡಿಯನ್ನು ಇನ್ಸ್‌ಪೆಕ್ಟರ ಮುಂದೆ ನಿಲ್ಲಿಸುವುದು, ತೆರಿಗೆ, ಹೊಸ ನಂಬರ್ ಪ್ಲೇಟು. ಕೊನೆಗೆ ಹೊಸ ಆರ್‌ಸಿ ಹಿಡಿದು ಹಳೆಯ ರಾಜ್ಯಕ್ಕೆ ಮರುಪಾವತಿಯ ಅರ್ಜಿ. ದಿನಗೂಲಿಯವನಿಗೆ ಇದರ ಒಂದೊಂದು ಹೆಜ್ಜೆಯೂ ಒಂದೊಂದು ದಿನದ ಕೂಲಿ. "ಏಜೆಂಟಗ ಕೊಟ್ಟಬಿಡ್ರಿ, ಎಲ್ಲಾ ಮಾಡತಾನ" ಎಂದು ಸಲೀಸಾಗಿ ಹೇಳುವವರಿದ್ದಾರೆ. ಒಂದು ಕಾನೂನನ್ನು ಪಾಲಿಸಲು ಮಧ್ಯದಲ್ಲಿ ಇನ್ನೊಬ್ಬನಿಗೆ ಹಣ ಕೊಡಬೇಕಾಗಿ ಬಂದರೆ ಅದು ಪಾಲಿಸುವವನ ಸೋಮಾರಿತನವೆಂದು ನಾನು ಒಪ್ಪುವುದಿಲ್ಲ.

ಈಗ ಎದುರು ವಾದದ ಗಟ್ಟಿ ಭಾಗಕ್ಕೆ ಬರುತ್ತೇನೆ. "ನಮ್ಮ ರಸ್ತೆ ಮ್ಯಾಲೆ ಓಡತಾನ, ನಮಗ ಟ್ಯಾಕ್ಸ್ ಕೊಡಲಿ." ಕೇಳಲು ಇದು ನ್ಯಾಯವಾಗಿದೆ. ಆದರೆ ಅವನು ಈಗಾಗಲೇ ಕೊಡುತ್ತಿದ್ದಾನೆ. ರಾಣೇಬೆನ್ನೂರು, ಮೋಟೆಬೆನ್ನೂರು, ಹಾವೇರಿಗಳನ್ನು ದಾಟುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಳಗೇರಿಯ ಟೋಲ್ ಗೇಟು ನಂಬರ್ ನೋಡಿ ಹಣ ಬಿಡುವುದಿಲ್ಲ. ಫಾಸ್ಟ್ಯಾಗಿಗೆ ಗೋವಾ ಪಾಸಿಂಗೂ ಒಂದೇ, ಕೆಎ-68ರ ಗಾಡಿಯೂ ಒಂದೇ. ಅವನು ಬ್ಯಾಡಗಿಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದಾಗ ಕರ್ನಾಟಕದ ಮಾರಾಟ ತೆರಿಗೆಯನ್ನು ಕರ್ನಾಟಕಕ್ಕೇ ಕಟ್ಟುತ್ತಾನೆ. 2024ರ ಜೂನಿನಲ್ಲಿ ರಾಜ್ಯ ಆ ದರವನ್ನು ಪೆಟ್ರೋಲಿಗೆ ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ರಸ್ತೆಯನ್ನು ಎಷ್ಟು ಬಳಸಿದೆ ಎಂಬುದಕ್ಕೆ ಸುಟ್ಟ ಇಂಧನಕ್ಕಿಂತ ನಿಖರವಾದ ಅಳತೆ ಬೇರೆ ಯಾವುದಿದೆ? ನಂಬರ್ ಪ್ಲೇಟಿನ ಮೊದಲೆರಡು ಅಕ್ಷರಗಳಲ್ಲಂತೂ ಆ ಅಳತೆ ಸಿಗುವುದಿಲ್ಲ. ಇಷ್ಟರ ಮೇಲೂ ರಸ್ತೆಯ ಪಾಲು ಬೇಕೆಂದರೆ ಕೊಡೋಣ, ನಾನು ಬೇಡ ಎನ್ನುವುದಿಲ್ಲ. ಉಳಿದ ವರ್ಷಗಳ ಪಾಲು ಕರ್ನಾಟಕಕ್ಕೆ ಸೇರಬೇಕಾದದ್ದೇ. ಆದರೆ ಆ ಹಣ ಈಗ ಇನ್ನೊಂದು ಸರ್ಕಾರದ ಬಳಿ ಇದೆ. ಕರ್ನಾಟಕ ಅದನ್ನು ಆ ಸರ್ಕಾರದಿಂದ ಕೇಳಲಿ. ಎರಡು ಸರ್ಕಾರಗಳ ನಡುವಿನ ಲೇವಾದೇವಿಯನ್ನು ಒಬ್ಬ ಗೌಂಡಿಯ ಕಿಸೆಯ ಮೂಲಕ ಮಾಡಿಸುವುದು ಯಾವ ನ್ಯಾಯ?

ಕಾನೂನು ಏನು ಹೇಳುತ್ತದೆ ಎಂಬುದನ್ನು ಚಹಾದಂಗಡಿಯ ಮಾತು ಎಂದೂ ಪೂರ್ತಿ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ಆದ ನೋಂದಣಿ ಇಡೀ ಭಾರತದಲ್ಲಿ ಊರ್ಜಿತ. 47ನೇ ಕಲಮು ಹೊಸ ನಂಬರ್ ಕೇಳುವುದು ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದಾಗ. ಅಂದರೆ ದೀಪಾವಳಿಗೆ ಬಂದು ಯುಗಾದಿಯವರೆಗೆ ತಾಯಿಯ ಆರೈಕೆ ಮಾಡಿ ವಾಪಸು ಹೋಗುವವನು ಒಂದು ಕೂದಲೆಳೆಯಷ್ಟೂ ತಪ್ಪು ಮಾಡಿಲ್ಲ. ಆದರೂ ಅವನನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಟೋಲ್ ರಸೀದಿ ತೋರಿಸು, ಬಂದ ದಿನಾಂಕಕ್ಕೆ ಸಾಕ್ಷಿ ಕೊಡು ಎನ್ನುವುದುಂಟು. 2014ರಲ್ಲಿ ನಮ್ಮ ರಾಜ್ಯ ತನ್ನ ವಾಹನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರಗಿನ ಗಾಡಿ 30 ದಿನ ಮೀರಿದರೆ ಆಜೀವ ತೆರಿಗೆ ಕಟ್ಟಬೇಕು ಎಂದಿತು. ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಮೂವತ್ತು ದಿನದ ನಿಯಮ ಕಾನೂನಿನಿಂದ ಹೋಯಿತು, ಜನರ ಬಾಯಿಂದ ಹೋಗಲಿಲ್ಲ. "ಒಂದ್ ತಿಂಗಳ ಮ್ಯಾಲೆ ಇಟ್ಕೊಂಡ್ರ ಹಿಡಿತಾರ" ಎಂದು ಈಗಲೂ ಹೇಳುವವರು ಸಿಗುತ್ತಾರೆ. ಬಿದ್ದುಹೋದ ಕಾನೂನು ಹೆದರಿಕೆಯಾಗಿ ಬದುಕಿದೆ.

ಸಂವಿಧಾನದ ಮಾತು ತೆಗೆದರೆ ಎದುರಾಳಿಗಳು ರಾಜ್ಯಪಟ್ಟಿಯ 57ನೇ ನಮೂದನ್ನು ತೋರಿಸುತ್ತಾರೆ: ವಾಹನಗಳ ಮೇಲಿನ ತೆರಿಗೆ ರಾಜ್ಯಗಳ ಅಧಿಕಾರ. ಒಪ್ಪಿದೆ. ಆದರೆ ಅದೇ ನಮೂದು ತನ್ನನ್ನು ಸಮವರ್ತಿ ಪಟ್ಟಿಯ 35ನೇ ನಮೂದಿಗೆ ಅಧೀನ ಎಂದು ಹೇಳಿಕೊಂಡಿದೆ. ವಾಹನಗಳ ಮೇಲೆ ಯಾವ ತತ್ವದ ಆಧಾರದಲ್ಲಿ ತೆರಿಗೆ ಹಾಕಬೇಕು ಎಂಬ ವಿಷಯ ಆ 35ನೇ ನಮೂದಿನೊಳಗಿದೆ. ಅಂದರೆ ಒಂದೇ ಗಾಡಿಗೆ ಒಂದೇ ಅವಧಿಗೆ ಎರಡು ಸಲ ಆಜೀವ ತೆರಿಗೆ ಸಲ್ಲದು ಎಂಬ ತತ್ವವನ್ನು ಸಂಸತ್ತು ನಾಳೆಯೇ ಹಾಕಿಕೊಡಬಹುದು. ಅದಕ್ಕೆ ಸಂವಿಧಾನ ತಿದ್ದಬೇಕಿಲ್ಲ. 1960ರ ದಶಕದ ಮೊದಲಿಂದ ಸುಪ್ರೀಂ ಕೋರ್ಟು ಇಂಥ ತೆರಿಗೆಗಳನ್ನು ರಸ್ತೆಯ ಸೌಲಭ್ಯಕ್ಕೆ ಪ್ರತಿಫಲ ಎಂದು ನೋಡುತ್ತಿತ್ತು. 2016ರ ನವೆಂಬರಿನಲ್ಲಿ ಜಿಂದಾಲ್ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಸಿದ್ಧಾಂತವನ್ನೇ ಕೈಬಿಟ್ಟಿತು. ಅಲ್ಲಿಂದ ಮುಂದೆ ನಾಗರಿಕನಿಗೆ ನ್ಯಾಯಾಲಯದ ಆಸರೆ ತೆಳುವಾಗಿದೆ, ಶಾಸನಸಭೆಗಳ ಹೊಣೆ ದೊಡ್ಡದಾಗಿದೆ. ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನೇ ನ್ಯಾಯ ಎಂದು ತಿಳಿದವರೊಂದಿಗೆ ನನ್ನ ಜಗಳ ಇಲ್ಲೇ.

ಎರಡು ರಾಜ್ಯ ಲೆಕ್ಕ ಹಂಚಿಕೊಳ್ಳುವುದು ಆಗದ ಮಾತು ಎನ್ನುವವರನ್ನು ಸೋಮವಾರವೋ ಗುರುವಾರವೋ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕರೆದುಕೊಂಡು ಹೋಗಬೇಕು. ಡಬ್ಬಿ, ಕಡ್ಡಿ, ಗುಂಟೂರು ತಳಿಯ ಚೀಲಗಳನ್ನು ಹೊತ್ತು ಎಪಿ, ಟಿಎಸ್, ಎಂಎಚ್ ನಂಬರಿನ ಲಾರಿಗಳು ಅಲ್ಲಿ ಸಾಲುಗಟ್ಟಿರುತ್ತವೆ. ಕರ್ನೂಲಿನಿಂದ ಕಾಯಿ ತಂದ ಲಾರಿಯ ಚಾಲಕನನ್ನು ಯಾರೂ ತೆರಿಗೆಗಳ್ಳ ಎನ್ನುವುದಿಲ್ಲ. ಯಾಕೆಂದರೆ ನ್ಯಾಷನಲ್ ಪರ್ಮಿಟ್ ಇದೆ. ಹಿಂದೆ ಲಾರಿಯವರು ಹೋಗುವ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಡ್ರಾಫ್ಟ್ ಕಟ್ಟುತ್ತಿದ್ದರು. 2010ರಲ್ಲಿ ಅದು ಬದಲಾಗಿ ಒಂದೇ ಕಡೆ ಒಂದೇ ವಾರ್ಷಿಕ ಶುಲ್ಕ ಬಂತು. ಈಗ 16,500 ರೂಪಾಯಿ. ಹಣ ಒಂದೆಡೆ ಕೂಡಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ನಮ್ಮ ವಾಯವ್ಯ ಸಾರಿಗೆಯ ಬಸ್ಸು ಗೋವೆಗೆ ಹೋಗಿ ಬರುವುದೂ ಎರಡು ಸರ್ಕಾರಗಳ ಒಪ್ಪಂದದ ಮೇಲೆಯೇ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲಂತೂ ಒಂದು ರಾಜ್ಯದಲ್ಲಿ ಕಟ್ಟಿದ ತೆರಿಗೆ ಸರಕು ಬಳಕೆಯಾದ ಇನ್ನೊಂದು ರಾಜ್ಯಕ್ಕೆ ಲೆಕ್ಕದಲ್ಲೇ ಸೇರುತ್ತದೆ. ಬ್ಯಾಡಗಿಯ ವರ್ತಕ ಪುಣೆಗೆ ಒಂದು ಲೋಡು ಕಾಯಿ ಕಳಿಸಿದರೆ ತೆರಿಗೆಯ ಪಾಲು ಮಹಾರಾಷ್ಟ್ರಕ್ಕೆ ಹೋಗುತ್ತದೆ. ಅದಕ್ಕಾಗಿ ಆ ವರ್ತಕ ಮುಂಬೈಗೆ ಹೋಗಿ ಅರ್ಜಿ ಹಾಕುವುದಿಲ್ಲ. ಮೆಣಸಿನಕಾಯಿಗೆ ಆಗುವ ಲೆಕ್ಕ ಮನುಷ್ಯನ ಗಾಡಿಗೆ ಆಗುವುದಿಲ್ಲವೇ?

ತಾಂತ್ರಿಕವಾಗಿ ಕಷ್ಟ ಎನ್ನುವ ಮಾತೂ ಉಳಿದಿಲ್ಲ. ವಾಹನ್ ದತ್ತಾಂಶದಲ್ಲಿ ಗಾಡಿ ಕೊಂಡ ದಿನ, ಬೆಲೆ, ಕಟ್ಟಿದ ತೆರಿಗೆ ಇವೆ. ಹಾವೇರಿಯಲ್ಲಿ ಕೂತು ಪಣಜಿಯ ಗಾಡಿಯ ಬಾಕಿ ದಂಡ ನೋಡಬಹುದು. ದಂಡ ಕಾಣುವ ಕಂಪ್ಯೂಟರಿನಲ್ಲಿ ಬಾಕಿ ಉಳಿದ ತೆರಿಗೆಯೂ ಕಾಣಬೇಕು. ಎನ್‌ಒಸಿ ಕೊಟ್ಟ ದಿನವೇ ಉಳಿದ ವರ್ಷಗಳ ಮೊತ್ತ ಹೊಸ ರಾಜ್ಯದ ಖಾತೆಗೆ ಹೋಗಲಿ, ಎರಡು ರಾಜ್ಯದ ದರದಲ್ಲಿ ವ್ಯತ್ಯಾಸವಿದ್ದರೆ ಅಷ್ಟನ್ನು ಮಾತ್ರ ಮಾಲೀಕ ಕಟ್ಟಲಿ. ಆಗ ತೆರಿಗೆ ಕಡಿಮೆ ಎಂದು ಹೊರಗೆ ಪಾಸ್ ಮಾಡಿಸುವ ಫೆರಾರಿಯವನಿಗೂ ಲಾಭ ಉಳಿಯುವುದಿಲ್ಲ. ಕಳ್ಳನನ್ನು ಹಿಡಿಯುವ ದಾರಿಯೂ ಇದೇ.

2021ರಲ್ಲಿ ಬಂದ ಬಿಎಚ್ ಸರಣಿಯನ್ನು ತೋರಿಸಿ, ಪರಿಹಾರ ಆಗಲೇ ಸಿಕ್ಕಿದೆ ಎನ್ನುವವರಿದ್ದಾರೆ. ಆ ಸರಣಿಯಲ್ಲಿ ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟಿದರೆ ಸಾಕು, ಊರು ಬದಲಿಸಿದರೆ ಮರುನೋಂದಣಿ ಬೇಡ. ಮುಂಗಡದ ಗಂಟು ಬಿಟ್ಟು ಹಿಂದಿನ ಕಂತಿನ ಪದ್ಧತಿಗೆ ಮರಳಿದರೆ ತೊಡಕು ತಾನೇ ಕಳಚುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಅದು ಯಾರಿಗೆ? ಸೇನೆಯವರಿಗೆ, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರಿಗೆ, ಸಾರ್ವಜನಿಕ ಉದ್ಯಮದವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯ ನೌಕರರಿಗೆ. ಸೈನಿಕನಿಗೆ ಸಿಕ್ಕದ್ದು ಸರಿ. ಆದರೆ ಹಾವೇರಿಯಿಂದ ಹಾನಗಲ್ಲಿಗೆ, ಹಾನಗಲ್ಲಿಂದ ಹಿರೇಕೆರೂರಿಗೆ ವರ್ಗವಾಗುತ್ತ ಜೀವಮಾನದಲ್ಲಿ ರಾಜ್ಯದ ಗಡಿ ದಾಟಬೇಕಿಲ್ಲದ ನೌಕರನಿಗೆ ಆ ನಂಬರ್ ಸಿಗಬಹುದು. ವರ್ಷಕ್ಕೊಂದು ರಾಜ್ಯದಲ್ಲಿ ಕಟ್ಟಡ ಕಟ್ಟುವ ಗೌಂಡಿಗೆ ಸಿಗುವುದಿಲ್ಲ. ಬಿತ್ತನೆ ಬೀಜ ಮಾರಿಕೊಂಡು ರಾಣೇಬೆನ್ನೂರು ಮತ್ತು ಸೋಲಾಪುರದ ನಡುವೆ ಬದುಕುವ ಸಣ್ಣ ವ್ಯಾಪಾರಿಗೂ ಸಿಗುವುದಿಲ್ಲ. ಯಾರಿಗೆ ಹೆಚ್ಚು ಬೇಕಿತ್ತೋ ಅವರ ಹೆಸರನ್ನೇ ನಿಯಮ ಬರೆದವರು ಮರೆತರು.

ದೇಶದಿಂದ ದೇಶಕ್ಕೆ ಹೋದವರ ಅನುಭವವನ್ನೂ ಇಲ್ಲಿ ಹೋಲಿಸಬೇಕು, ಯಾಕೆಂದರೆ ನಮ್ಮ ಜಿಲ್ಲೆಯ ಮಕ್ಕಳು ಈಗ ಎಲ್ಲ ಕಡೆ ಇದ್ದಾರೆ. ಬ್ರಿಟನ್ನಿನಲ್ಲಿ ಗಾಡಿಯನ್ನು ಹೊರದೇಶಕ್ಕೆ ಒಯ್ಯುತ್ತೇನೆಂದು ತಿಳಿಸಿದರೆ ಉಳಿದ ಪೂರ್ಣ ತಿಂಗಳುಗಳ ತೆರಿಗೆ ಮರಳಿ ಬರುತ್ತದೆ. ಅಲ್ಲಿಗೆ ವಾಸ ಬದಲಿಸಿ ಬರುವವರು ಆರು ತಿಂಗಳಾದರೂ ಬಳಸಿದ ಸ್ವಂತ ಕಾರನ್ನು ಕೆಲವು ಷರತ್ತುಗಳ ಮೇಲೆ ಸುಂಕವಿಲ್ಲದೆ ತರಬಹುದು. ಜರ್ಮನಿಯಲ್ಲಿ ವಾಹನ ತೆರಿಗೆಯ ಲೆಕ್ಕ ದಿನದ ಮೇಲೆ ನಡೆಯುತ್ತದೆ, ನೋಂದಣಿ ರದ್ದಾದ ದಿನ ತೆರಿಗೆಯೂ ನಿಲ್ಲುತ್ತದೆ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ಕನ್ನಡ ಕುಟುಂಬ 20 ದಿನದೊಳಗೆ ನೋಂದಣಿ ಬದಲಿಸಬೇಕು, ಕಟ್ಟುನಿಟ್ಟಿನ ನಿಯಮವೇ. ಆದರೆ ಮೊದಲ ರಾಜ್ಯದಲ್ಲಿ ಕಟ್ಟಿದ ಮಾರಾಟ ತೆರಿಗೆಯನ್ನು ಅಲ್ಲಿನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾರೆ. ಇನ್ನು ನಮ್ಮ ದೇಶಕ್ಕೆ ಮರಳುವವನ ಪಾಡು ಬೇರೆ. ಹಳೆಯ ಕಾರು ತರಬೇಕೆಂದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು, ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ದುಬೈಯ ಕಾರಿಗೆ ಸ್ಟಿಯರಿಂಗ್ ಎಡಗಡೆ, ಅಲ್ಲಿಗೆ ಆಸೆ ಮುಗಿಯಿತು. ಅಲ್ಲಿಂದ ಬರುವವನು ಇದನ್ನು ತಿಳಿದು ಕಾರನ್ನು ಅಲ್ಲೇ ಮಾರಿ ಬರುತ್ತಾನೆ. ವಾಸ್ಕೊದಿಂದ ಬರುವವನು ಹಾಗೆ ಯೋಚಿಸಲಿಲ್ಲ. ಅವನು ದೇಶ ಬಿಟ್ಟು ದೇಶಕ್ಕೆ ಬಂದಿರಲಿಲ್ಲ. ಕಾರವಾರದ ಘಟ್ಟ ಹತ್ತಿ ತನ್ನೂರಿಗೆ ಬಂದಿದ್ದ.

ನಾಡಿನ ಅಭಿಮಾನದ ಮಾತನ್ನೂ ಕೆಲವರು ಸೇರಿಸುತ್ತಾರೆ: ಕನ್ನಡ ನೆಲದಲ್ಲಿ ಇದ್ದ ಮೇಲೆ ಕೆಎ ನಂಬರ್ ಇರಲಿ. ಕಾಸರಗೋಡಿನ ಕನ್ನಡಿಗರು ಕೆಎಲ್-14ರ ಗಾಡಿಯಲ್ಲಿ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ, ಕಾಲೇಜಿಗೆ ದಿನವೂ ಬರುತ್ತಾರೆ. ಅಕ್ಕಲಕೋಟೆಯ ಕನ್ನಡಿಗ ಎಂಎಚ್-13ರಲ್ಲಿ ಕಲಬುರಗಿಗೆ ಬರುತ್ತಾನೆ. ನಂಬರ್ ನೋಡಿ ಹೊರಗಿನವನು ಎಂದು ತೀರ್ಮಾನಿಸುವ ಅಭಿಮಾನ ಮೊದಲು ಗಾಯ ಮಾಡುವುದು ಗಡಿಯಾಚೆಯ ನಮ್ಮವರನ್ನೇ. ನಮ್ಮ ಜಿಲ್ಲೆಯೇ 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಯಿತು. ಕೆಎ-25 ಹೊತ್ತಿದ್ದ ಗಾಡಿಗಳು ಹಾವೇರಿಯಲ್ಲಿ ಹಾಗೆಯೇ ಓಡಿದವು, ಯಾರ ಅಭಿಮಾನಕ್ಕೂ ಕುಂದು ಬರಲಿಲ್ಲ. ಈಗಿನ ಹೈ ಸೆಕ್ಯುರಿಟಿ ಪ್ಲೇಟಿನ ಎಡ ಅಂಚಿನಲ್ಲಿ ಅಶೋಕ ಚಕ್ರವೂ ದೇಶದ ಹೆಸರಿನ ಮೂರು ಅಕ್ಷರಗಳೂ ಅಚ್ಚಾಗಿವೆ. ಗೋವಾದ ಪ್ಲೇಟಿನ ಮೇಲೂ ಅವೇ ಇವೆ.

ನಾನು ಕೇಳುತ್ತಿರುವುದು ತೆರಿಗೆ ಮಾಫಿಯಲ್ಲ. ಖೊಟ್ಟಿ ವಿಳಾಸದವನನ್ನು ಹಿಡಿಯಿರಿ, ಬಡ್ಡಿ ಸಮೇತ ವಸೂಲಿ ಮಾಡಿ. ಅವನು ಆ ರಾಜ್ಯದಲ್ಲಿ ಒಂದು ದಿನವೂ ಬದುಕಿಲ್ಲ ಎಂಬುದನ್ನು ವಿದ್ಯುತ್ ಬಿಲ್ಲು, ಮತದಾರರ ಪಟ್ಟಿ, ಟೋಲಿನ ದಾಖಲೆಗಳಿಂದ ಸಾಬೀತು ಮಾಡುವುದು ಕಷ್ಟವಲ್ಲ. ಅದೇ ದಾಖಲೆಗಳು ವಾಸ್ಕೊದ ಗೌಂಡಿ ಅಲ್ಲಿ ಹನ್ನೆರಡು ವರ್ಷ ಬದುಕಿದ್ದ ಎಂಬುದನ್ನೂ ಹೇಳುತ್ತವೆ. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯುವುದನ್ನು ನಿಲ್ಲಿಸಬೇಕು. ಹಾವೇರಿ ಜಿಲ್ಲೆಯಿಂದ ವಿಧಾನಸಭೆಗೂ ಲೋಕಸಭೆಗೂ ಹೋದವರು ಉಳಿದ ತೆರಿಗೆಯ ವರ್ಗಾವಣೆಯ ವಿಷಯವನ್ನು ಎತ್ತಬೇಕು. ಗುಳೆ ಹೋಗುವ ಜನರ ಜಿಲ್ಲೆಯ ಪ್ರತಿನಿಧಿಗಳು ಎತ್ತದಿದ್ದರೆ ಇನ್ಯಾರು ಎತ್ತುತ್ತಾರೆ?

ನನ್ನ ಪಕ್ಕದ ಓಣಿಯಲ್ಲಿ ಗೋವೆಯಿಂದ ಮರಳಿದ ಗೌಂಡಿಯೊಬ್ಬರಿದ್ದಾರೆ. ಎರಡು ವರ್ಷದ ಹಿಂದೆ ನಮೂನೆ 28ನ್ನು ಓದಿ ಹೇಳಿ ಎಂದು ನನ್ನ ಬಳಿ ತಂದಿದ್ದರು. ಎನ್‌ಒಸಿಗೆ ಎರಡು ಸಲ ಹೋಗಿ ಬಂದರು, ಸಿಗಲಿಲ್ಲ. ಮೂರನೇ ಸಲ ಹೋಗುವಷ್ಟು ರಜೆಯೂ ಇಲ್ಲ, ದುಡ್ಡೂ ಇಲ್ಲ. ಒಂದು ಸಂಜೆ ಸಂತೆಯಲ್ಲಿ ಯಾರೋ ಅವರ ಸ್ಕೂಟರಿನ ನಂಬರ್ ನೋಡಿ, ಹೆಂಡತಿ ಮಕ್ಕಳ ಎದುರಿಗೇ, ಸರ್ಕಾರಕ್ಕೆ ಮೋಸ ಮಾಡುವವರು ಎಂದುಬಿಟ್ಟರಂತೆ. ಆ ಸ್ಕೂಟರ್ ಈಗ ಮನೆಯ ಹಿತ್ತಲಲ್ಲಿ ನೀಲಿ ತಾಡಪಾಲಿನ ಕೆಳಗಿದೆ. ಅವರು ಕರಣಿ, ಗುಂಡು, ತೂಕದ ದಾರ ತುಂಬಿದ ಚೀಲ ಹಿಡಿದು ಬೆಳಿಗ್ಗೆ ಆರೂವರೆಯ ಬಸ್ಸಿಗೆ ಬ್ಯಾಡಗಿಗೆ ಕೆಲಸಕ್ಕೆ ಹೋಗುತ್ತಾರೆ.